ಹಳೆಯ ಎಂಜಿನ್ ಖರೀದಿ: ಬೆಲೆಗೆ ಮೊದಲು ಸಿಲಿಂಡರಿನ ಒಳಗೋಡೆ

ದನದ ಸಂತೆಗೆ ಹೋದ ರೈತನು ಎತ್ತಿನ ಮೈಬಣ್ಣ, ಕೊಂಬಿನ ಅಂದ, ನಡಿಗೆಯ ಗತ್ತು ಇವೆಲ್ಲವನ್ನೂ ಮೆಚ್ಚಿದ ಮೇಲೆಯೂ ಬೆಲೆಯ ಮಾತನ್ನು ಎತ್ತುವುದಿಲ್ಲ. ಮೊದಲು ಅದರ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂಬುದು ಖಚಿತವಾದ ಬಳಿಕವೇ ವ್ಯವಹಾರ ಆರಂಭವಾಗುತ್ತದೆ. ಹಲ್ಲು ತೋರಿಸಲೊಪ್ಪದ ಮಾರಾಟಗಾರನ ಮುಂದೆ ಅವನು ಒಂದು ನಿಮಿಷವೂ ನಿಲ್ಲುವುದಿಲ್ಲ. ಆದರೆ ಅದೇ ರೈತನ ಮನೆಯಿಂದ ಬಂದು ಶಹಾಬಾದಿನಲ್ಲಿ ಫರಸಿ ಪಾಲಿಶ್ ಘಟಕವನ್ನೋ, ಸೇಡಂನಲ್ಲಿ ಬೇಳೆ ಗಿರಣಿಯನ್ನೋ, ವಾಡಿಯಲ್ಲಿ ಟಿಪ್ಪರ್ ವ್ಯವಹಾರವನ್ನೋ ನಡೆಸುತ್ತಿರುವ ಉದ್ಯಮಿಯು ಲಕ್ಷಾಂತರ ರೂಪಾಯಿಯ ಹಳೆಯ ಡೀಸೆಲ್ ಎಂಜಿನ್ನನ್ನು ಕೊಳ್ಳುವಾಗ ನೋಡುವುದು ಏನನ್ನು? ಹೊಸದಾಗಿ ಹಚ್ಚಿದ ಬಣ್ಣವನ್ನು, ಒಂದೇ ಏಟಿಗೆ ಸ್ಟಾರ್ಟ್ ಆಗುವುದನ್ನು, ಮತ್ತು ಮಾರಾಟಗಾರನೇ ಕರೆಸಿದ ಮಿಸ್ತ್ರಿಯ ತಲೆಯಾಡಿಸುವಿಕೆಯನ್ನು. ಎಂಜಿನ್ನಿನ ಹಲ್ಲು ಇರುವುದು ಅದರ ಸಿಲಿಂಡರಿನ ಒಳಗೋಡೆಯಲ್ಲಿ. ಅದನ್ನು ತೆರೆಸಿ ನೋಡುವ ರೂಢಿ ನಮ್ಮ ಭಾಗದ ವ್ಯಾಪಾರದಲ್ಲಿ ಇನ್ನೂ ಬೇರೂರಿಲ್ಲ ಎಂಬುದು ವಿಷಾದದ ಸಂಗತಿ.

ಈ ಮಾತನ್ನು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಯ ವರ್ತಕ ಬಂಧುಗಳ ಮುಂದೆ ವಿಶೇಷವಾಗಿ ಇಡಬೇಕಾದುದಕ್ಕೆ ಕಾರಣವಿದೆ. ಇದು ಸುಣ್ಣಕಲ್ಲಿನ ನಾಡು. ಹಾಸುಗಲ್ಲಾಗಿ ದೇಶದ ಮೂಲೆಮೂಲೆಯ ಅಂಗಳಗಳನ್ನು ಮುಚ್ಚಿರುವ ಶಹಾಬಾದ್ ಕಲ್ಲು ಇಲ್ಲಿಯದು. ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಅದೇ ಕಲ್ಲಿನ ಮೇಲೆ. ಗಣಿಯ ಕಂಪ್ರೆಸರ್, ಕಲ್ಲು ಸಾಗಿಸುವ ಟ್ರ್ಯಾಕ್ಟರ್, ವಿದ್ಯುತ್ ಕೈಕೊಟ್ಟಾಗ ನೆರವಾಗುವ ಜನರೇಟರ್, ಹೊಲದ ಪಂಪು, ತೊಗರಿಯ ರಾಶಿ ಯಂತ್ರ ಹೀಗೆ ಎಲ್ಲಿ ನೋಡಿದರೂ ಡೀಸೆಲ್ ಎಂಜಿನ್ನೇ ದುಡಿಯುತ್ತದೆ, ಮತ್ತು ಎಲ್ಲಿ ದುಡಿದರೂ ಧೂಳನ್ನೇ ಉಸಿರಾಡುತ್ತದೆ. ಇದರ ಜೊತೆಗೆ 2020ರ ಏಪ್ರಿಲ್ 1ರಿಂದ ವಾಹನಗಳಿಗೆ ಬಂದ ಬಿಎಸ್ 6 ನಿಯಮ ಮತ್ತು 2023ರ ಜುಲೈ 1ರಿಂದ ಹೊಸ ಜನರೇಟರುಗಳಿಗೆ ಅನ್ವಯವಾದ ಕಠಿಣ ಹೊಗೆ ಮಾನದಂಡಗಳು ಹೊಸ ಯಂತ್ರಗಳನ್ನು ದುಬಾರಿಯಾಗಿಯೂ ಜಟಿಲವಾಗಿಯೂ ಮಾಡಿವೆ. ಹಳ್ಳಿಯ ಮಿಸ್ತ್ರಿಯ ಕೈಗೆ ಒಗ್ಗುವ ಹಳೆಯ ಮಾದರಿಯ ಎಂಜಿನ್ನುಗಳಿಗೆ ಬೇಡಿಕೆ ಇರುವುದು ಸಹಜವೇ. ಬೇಡಿಕೆ ಇದ್ದಲ್ಲಿ ಬಣ್ಣ ಹಚ್ಚಿ ಮಾರುವವರೂ ಇರುತ್ತಾರೆ.

ಸವೆತ ಎಲ್ಲಿ, ಏಕೆ?

ಲೆಕ್ಕಪತ್ರದಲ್ಲಿ ‘ಸವಕಳಿ’ ಎಂಬ ಪದವನ್ನು ಪ್ರತಿ ವರ್ಷವೂ ಬರೆಯುವ ವ್ಯಾಪಾರಿಗೆ ಲೋಹದ ಸವಕಳಿಯ ಪ್ರಮಾಣವು ಸುಲಭವಾಗಿ ಕಣ್ಣಿಗೆ ಕಟ್ಟುವುದಿಲ್ಲ. ನಿಮಿಷಕ್ಕೆ 1500 ಸುತ್ತು ತಿರುಗುವ, 110 ಮಿ.ಮೀ. ಸ್ಟ್ರೋಕ್ ಇರುವ ಸಾಮಾನ್ಯ ಎಂಜಿನ್ನಿನಲ್ಲಿ ಪಿಸ್ಟನ್ ಒಂದು ನಿಮಿಷಕ್ಕೆ ಮೂರು ಸಾವಿರ ಸಲ ಗೋಡೆಯನ್ನು ಉಜ್ಜುತ್ತದೆ. ಹೀಗೆ ಒಂದು ಗಂಟೆಯಲ್ಲಿ ಅದರ ರಿಂಗುಗಳು ಸವೆಸುವ ದಾರಿ ಸುಮಾರು 20 ಕಿಲೋಮೀಟರು. ಸಾವಿರ ಗಂಟೆ ಓಡಿದ ಎಂಜಿನ್ನಿನ ರಿಂಗು ಭೂಮಿಯನ್ನು ಅರ್ಧ ಸುತ್ತು ಹಾಕಿದಷ್ಟು ದೂರ ಆ ಒಂದು ಗೇಣು ಉದ್ದದ ಗೋಡೆಯ ಮೇಲೆಯೇ ಜಾರಿರುತ್ತದೆ. ಎಣ್ಣೆಯ ತೆಳುಪದರವು ನಡುವೆ ಇರುವವರೆಗೆ ಇದರಿಂದ ಹೆಚ್ಚಿನ ಹಾನಿಯಿಲ್ಲ. ಧೂಳು ಸೇರಿದೊಡನೆ ಆ ಎಣ್ಣೆಯೇ ಸಾಣೆಯ ಮುಲಾಮಾಗಿ ಪರಿಣಮಿಸುತ್ತದೆ.

ಸುಣ್ಣಕಲ್ಲಿನ ಪುಡಿ ಮೃದುವಾದುದು, ಅದರಿಂದ ಕಬ್ಬಿಣ ಸವೆಯುವುದಿಲ್ಲ ಎಂಬ ವಾದವನ್ನು ಕೆಲವು ಮಾರಾಟಗಾರರು ಮುಂದಿಡುವುದುಂಟು. ಅರ್ಧ ನಿಜವು ಪೂರ್ಣ ಸುಳ್ಳಿಗಿಂತ ಅಪಾಯಕಾರಿ. ಗಡಸುತನದ ಹತ್ತರ ಮಾನದಲ್ಲಿ ಶುದ್ಧ ಸುಣ್ಣಕಲ್ಲಿನ ಖನಿಜದ ಸ್ಥಾನ 3, ಮರಳಿನಲ್ಲಿರುವ ಸ್ಫಟಿಕದ್ದು 7. ಆದರೆ ಗಣಿಯ ರಸ್ತೆಯಲ್ಲಿ ಏಳುವ ಧೂಳು ಶುದ್ಧ ಸುಣ್ಣಕಲ್ಲಲ್ಲ. ಮಣ್ಣು, ಮರಳು, ಕಲ್ಲಿನ ಪದರಗಳ ನಡುವಿನ ಜೇಡಿ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಗೋಡೆಯನ್ನು ಕೆರೆಯುವುದು ಆ ಮರಳಿನ ಅಂಶ.

ಸವೆತವು ಗೋಡೆಯ ಉದ್ದಕ್ಕೂ ಸಮನಾಗಿ ಆಗುವುದಿಲ್ಲ. ಪಿಸ್ಟನ್ ಮೇಲ್ತುದಿಗೆ ಬಂದು ಕ್ಷಣಕಾಲ ನಿಂತು ಹಿಂದಿರುಗುವ ಜಾಗದಲ್ಲಿ ಶಾಖ ಅತಿ ಹೆಚ್ಚು, ಎಣ್ಣೆ ಅತಿ ಕಡಿಮೆ, ದಹನದ ಒತ್ತಡವು ರಿಂಗುಗಳನ್ನು ಗೋಡೆಗೆ ಒತ್ತಿ ಹಿಡಿದಿರುತ್ತದೆ. ಗಾಳಿಯೊಂದಿಗೆ ಬಂದ ಧೂಳು ಮೊದಲು ತಾಗುವುದೂ ಅಲ್ಲಿಗೇ. ಆದ್ದರಿಂದ ಮೇಲಿನ ರಿಂಗು ಹಿಂದಿರುಗುವ ಮಟ್ಟದಲ್ಲಿ ಸವೆತ ಗರಿಷ್ಠ. ಅದಕ್ಕೂ ಮೇಲೆ, ರಿಂಗು ಮುಟ್ಟದ ಕಿರಿದಾದ ಪಟ್ಟಿಯೊಂದು ಹಳೆಯ ಅಳತೆಯಲ್ಲೇ ಉಳಿದು ಅಂಚಿನಂತೆ ಎದ್ದು ನಿಲ್ಲುತ್ತದೆ. ಹೆಡ್ ತೆಗೆಸಿದ ಮೇಲೆ ಬೆರಳಿನಿಂದ ಆ ಅಂಚನ್ನು ಸವರಿದರೆ ಎಂಜಿನ್ನಿನ ಅರ್ಧ ಚರಿತ್ರೆ ತಿಳಿಯುತ್ತದೆ. ಇನ್ನೊಂದು ಸಂಗತಿ: ಕನೆಕ್ಟಿಂಗ್ ರಾಡಿನ ಓರೆಯಾದ ನೂಕಿನಿಂದ ಪಿಸ್ಟನ್ ಒಂದೇ ಪಕ್ಕಕ್ಕೆ ಒರಗುವುದರಿಂದ ಗೋಡೆ ವೃತ್ತಾಕಾರವನ್ನು ಕಳೆದುಕೊಂಡು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಹೊಸ ರಿಂಗು ಎಷ್ಟೇ ಒಳ್ಳೆಯದಿದ್ದರೂ ಮೊಟ್ಟೆಯಾಕಾರದ ಗೋಡೆಗೆ ಕೂಡಿಕೊಳ್ಳುವುದಿಲ್ಲ.

ಧೂಳಿನಷ್ಟೇ ಗಂಭೀರವಾದ, ಆದರೆ ಬಹುಪಾಲು ಕೊಳ್ಳುವವರು ಮರೆಯುವ ಕಾರಣವೆಂದರೆ ಈ ಪ್ರದೇಶದ ನೀರು. ಸುಣ್ಣಕಲ್ಲಿನ ನೆಲದ ಕೊಳವೆಬಾವಿಯ ನೀರು ಗಡಸು. ಅದನ್ನೇ ರೇಡಿಯೇಟರಿಗೆ ಸುರಿದಲ್ಲಿ ಸಿಲಿಂಡರಿನ ಹೊರಮೈಗೆ ಪಾತ್ರೆಯ ತಳಕ್ಕೆ ಕಟ್ಟುವಂತಹ ಬಿಳಿಯ ಕರಣೆ ಕಟ್ಟುತ್ತದೆ. ಕರಣೆ ಕಟ್ಟಿದೆಡೆ ಶಾಖ ಹೊರಹೋಗದೆ ಗೋಡೆ ಕಾದು, ಎಣ್ಣೆ ಸುಟ್ಟು, ಪಿಸ್ಟನ್ನಿನ ಅಲ್ಯೂಮಿನಿಯಂ ಗೋಡೆಗೆ ಅಂಟಿ ಎಳೆಯುತ್ತದೆ. ಇದನ್ನೇ ‘ಎಂಜಿನ್ ಜಾಮ್ ಆಗಿತ್ತು’ ಎಂದು ಹೇಳುವುದು. ಜಾಮ್ ಆಗಿದ್ದ ಎಂಜಿನ್ನನ್ನು ಬಿಡಿಸಿ, ಉಜ್ಜಿ, ಮತ್ತೆ ಓಡಿಸಿ ಮಾರುವುದು ಕಷ್ಟದ ಕೆಲಸವೇನಲ್ಲ. ಗೋಡೆಯ ಮೇಲಿನ ಬೆಳ್ಳಿಬಣ್ಣದ ಉದ್ದುದ್ದ ಪಟ್ಟೆಗಳು ಮಾತ್ರ ಅದನ್ನು ಮರೆಮಾಚುವುದಿಲ್ಲ. ನೀರು ನೇರವಾಗಿ ಲೈನರಿಗೆ ತಾಗುವ ಎಂಜಿನ್ನುಗಳಲ್ಲಿ ಹೊರಮೈಯಲ್ಲಿ ಸೂಜಿಮೊನೆಯಂತಹ ಗುಳಿಗಳು ಕೊರೆದುಕೊಂಡು ಬಂದು ಕೊನೆಗೆ ಲೈನರೇ ತೂತಾಗುವುದೂ ಉಂಟು. ಎಣ್ಣೆಯ ಅಳತೆಕಡ್ಡಿಯಲ್ಲಿ ಹಾಲುಬೆರೆಸಿದ ಚಹಾದ ಬಣ್ಣ ಕಂಡರೆ ಅಂತಹ ಎಂಜಿನ್ನಿನ ಬೆಲೆಯನ್ನು ಕೇಳುವುದೇ ಬೇಡ.

ಜನರೇಟರಿನ ಕಥೆ ಬೇರೆ. ಅದು ಗಣಿಯ ಧೂಳಿನಿಂದ ದೂರ, ಶೆಡ್ಡಿನ ನೆರಳಿನಲ್ಲಿ ಇದ್ದದ್ದು, ಗಂಟೆಗಳೂ ಕಡಿಮೆ. ಆದ್ದರಿಂದ ನಿರಾತಂಕವಾಗಿ ಕೊಳ್ಳಬಹುದೆಂಬ ನಂಬಿಕೆ ವ್ಯಾಪಕವಾಗಿದೆ. ದೊಡ್ಡ ಜನರೇಟರಿನ ಮೇಲೆ ನಾಲ್ಕು ಫ್ಯಾನು, ಹತ್ತು ದೀಪದ ಹೊರೆ ಮಾತ್ರ ಹಾಕಿ ವರ್ಷಗಟ್ಟಲೆ ಓಡಿಸಿದ್ದರೆ ಇಂಧನ ಪೂರ್ತಿಯಾಗಿ ಉರಿಯದೆ, ರಿಂಗುಗಳು ಗೋಡೆಗೆ ಒತ್ತಿಕೊಳ್ಳದೆ, ಗೋಡೆಯ ಮೇಲೆ ಗಾಜಿನಂತಹ ನುಣುಪು ಪದರವೊಂದು ಕೂರುತ್ತದೆ. ಕಾರ್ಖಾನೆಯಲ್ಲಿ ಹೋನಿಂಗ್ ಮಾಡಿದಾಗ ಬಿಡಿಸಿದ ಓರೆಗೆರೆಗಳ ಜಾಲ ಎಣ್ಣೆಯನ್ನು ಹಿಡಿದಿಡಲೆಂದೇ ಇರುವುದು. ಅದು ಮುಚ್ಚಿಹೋದರೆ ಎಣ್ಣೆ ನಿಲ್ಲುವುದಿಲ್ಲ. ಕನ್ನಡಿಯಂತೆ ಹೊಳೆಯುವ ಗೋಡೆಯನ್ನು ಕಂಡು ‘ಎಷ್ಟು ಸ್ವಚ್ಛವಾಗಿದೆ’ ಎಂದು ಸಂತೋಷಪಡುವವರು ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ನೆನೆಯಬೇಕು. ಮಳೆಗಾಲವಿಡೀ ನಿಲ್ಲಿಸಿಟ್ಟ ಎಂಜಿನ್ನಿನಲ್ಲಿ ರಿಂಗುಗಳು ನಿಂತಿದ್ದ ಮಟ್ಟದಲ್ಲಿ ತುಕ್ಕಿನ ಉಂಗುರ ಕಾಣಿಸಿಕೊಳ್ಳುತ್ತದೆ. ಅದು ಬರಿಯ ಕಲೆಯೋ, ಲೋಹವನ್ನು ತಿಂದ ಗುಳಿಯೋ ಎಂಬುದನ್ನು ಉಗುರಿನಿಂದ ಪರೀಕ್ಷಿಸಬೇಕು.

ತೆರೆಯುವ ಮುನ್ನ

ಹೆಡ್ ಬಿಚ್ಚಿಸುವುದಕ್ಕೆ ಮೊದಲೇ ಕೆಟ್ಟ ಎಂಜಿನ್ನುಗಳಲ್ಲಿ ಬಹುಪಾಲನ್ನು ಬದಿಗೆ ಸರಿಸಬಹುದು. ಬೇಕಾದುದು ಕಣ್ಣು, ಕಿವಿ ಮತ್ತು ಸ್ವಲ್ಪ ತಾಳ್ಮೆ. ಮಾರಾಟಗಾರನಿಗೆ ಮುಂಚಿತವಾಗಿ ತಿಳಿಸದೆ ಬೆಳಗಿನಲ್ಲಿ ಹೋಗಿ ಎಂಜಿನ್ನಿನ ಮೈಮುಟ್ಟಿ ನೋಡುವುದು ಉತ್ತಮ. ಗ್ರಾಹಕ ಬರುವ ಮೊದಲೇ ಅರ್ಧ ಗಂಟೆ ಓಡಿಸಿ ಬಿಸಿ ಮಾಡಿಟ್ಟ ಎಂಜಿನ್ನು ತನ್ನ ದೋಷಗಳನ್ನು ಬಚ್ಚಿಟ್ಟುಕೊಂಡಿರುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ಕಾದ ಮೇಲೆ ಎಣ್ಣೆ ತುಂಬುವ ಮುಚ್ಚಳವನ್ನು ತೆಗೆಸಿದರೆ ಒಳಗಿನಿಂದ ರೈಲಿನಂತೆ ಬುಸುಬುಸು ಹೊಗೆ ಬರುತ್ತದೆಯೇ ಎಂಬುದು ಗೊತ್ತಾಗುತ್ತದೆ. ಬಂದರೆ, ದಹನದ ಅನಿಲವು ರಿಂಗುಗಳನ್ನು ದಾಟಿ ಕೆಳಗಿಳಿಯುತ್ತಿದೆ ಎಂದರ್ಥ. ಹೊಗೆ ನೀಲಿಯಾಗಿದ್ದರೆ ಎಣ್ಣೆ ಮೇಲೇರಿ ಉರಿಯುತ್ತಿದೆ. ಎಣ್ಣೆಯು ಅಸಹಜವಾಗಿ ಮಂದವಾಗಿದ್ದರೆ, ಗೋಡೆಯ ಸವೆತವನ್ನು ಮರೆಸಲು ದಪ್ಪ ಎಣ್ಣೆ ತುಂಬಿರುವ ಸಂಶಯ ನ್ಯಾಯವಾದುದು.

ಗಾಳಿ ಶೋಧಕದ ಪೆಟ್ಟಿಗೆಯಿಂದ ಎಂಜಿನ್ನಿಗೆ ಹೋಗುವ ಕೊಳವೆಯನ್ನು ಕಳಚಿಸಿ ಅದರೊಳಗೆ ಬಿಳಿಯ ಬಟ್ಟೆಯಿಂದ ಒರೆಸುವುದು ಒಂದು ಪೈಸೆಯ ಖರ್ಚಿಲ್ಲದ ಪರೀಕ್ಷೆ. ಶೋಧಕವನ್ನು ದಾಟಿದ ಆ ಜಾಗದಲ್ಲಿ ಧೂಳು ಇರಲೇಬಾರದು. ಬಟ್ಟೆಗೆ ಬೂದುಬಣ್ಣದ ಪುಡಿ ಹತ್ತಿದರೆ ಒಳಗೋಡೆಯ ಸ್ಥಿತಿಯನ್ನು ಊಹಿಸಲು ಹೆಚ್ಚಿನ ವಿದ್ಯೆ ಬೇಕಿಲ್ಲ.

ಇನ್ನು ಗಣಿ ಪ್ರದೇಶದಲ್ಲಿ ಎಲ್ಲೆಡೆ ಸಿಗುವ ಗಾಳಿ ಕಂಪ್ರೆಸರನ್ನೇ ವೈದ್ಯನ ಕಿವಿಗೊಳವೆಯಂತೆ ಬಳಸಬಹುದು. ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕಿನ ಮೇಲ್ತುದಿಗೆ ತಂದು ನಿಲ್ಲಿಸಿ, ಇಂಜೆಕ್ಟರ್ ಕಳಚಿದ ರಂಧ್ರದಿಂದ ಗಾಳಿಯನ್ನು ಹಾಯಿಸಿದರೆ ಸೋರುವ ಸದ್ದು ಎಲ್ಲಿಂದ ಬರುತ್ತದೆಯೋ ಅಲ್ಲಿ ರೋಗ. ಸೈಲೆನ್ಸರಿನಲ್ಲಿ ಸದ್ದಾದರೆ ಹೊರಹೋಗುವ ವಾಲ್ವು, ಗಾಳಿ ಕೊಳವೆಯಲ್ಲಾದರೆ ಒಳಬರುವ ವಾಲ್ವು, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ಟು ಅಥವಾ ಬಿರುಕು. ಎಣ್ಣೆಯ ಬಾಯಿಯಲ್ಲಿ ಜೋರಾಗಿ ಸುಯ್ಯೆಂದರೆ ರಿಂಗು ಮತ್ತು ಗೋಡೆ. ಗಾಳಿಯ ಒತ್ತಡಕ್ಕೆ ಎಂಜಿನ್ನು ಥಟ್ಟನೆ ತಿರುಗಬಹುದಾದ್ದರಿಂದ ಫ್ಲೈವೀಲಿನ ಬಳಿ ಕೈಯಾಗಲಿ ಪಾನಾ ಆಗಲಿ ಇರಕೂಡದು. ಕಂಪ್ರೆಷನ್ ಗೇಜ್ ಇರುವಲ್ಲಿ ಪ್ರತಿ ಸಿಲಿಂಡರಿನ ಒತ್ತಡವನ್ನು ಬರೆದುಕೊಂಡು ಹೋಲಿಸಬೇಕು. ಒಂದು ಸಿಲಿಂಡರು ಉಳಿದವುಗಳಿಗಿಂತ ಗಣನೀಯವಾಗಿ ಹಿಂದೆ ಬಿದ್ದರೆ ಅದರೊಳಗೆ ಒಂದು ಸಣ್ಣ ಚಮಚದಷ್ಟೇ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ದೋಷ ಗೋಡೆ-ರಿಂಗಿನದು, ಏರದಿದ್ದರೆ ವಾಲ್ವಿನದು. ವಾಲ್ವಿನ ದೋಷಕ್ಕೆ ಹೆದರಬೇಕಾಗಿಲ್ಲ. ಅದು ಅಗ್ಗದ ಕಾಯಿಲೆ. ಮೊಬೈಲ್ ಫೋನಿಗೆ ಜೋಡಿಸಿ ಒಳಗೆ ಇಳಿಸುವ ಸಣ್ಣ ಕ್ಯಾಮೆರಾಗಳು ಈಗ ಸುಲಭವಾಗಿ ಸಿಗುತ್ತಿವೆಯಾದರೂ ಅನೇಕ ಡೀಸೆಲ್ ಎಂಜಿನ್ನುಗಳ ಇಂಜೆಕ್ಟರ್ ರಂಧ್ರ ಅವುಗಳಿಗೆ ಸಾಲದು, ಮತ್ತು ಚಿತ್ರವು ಗೀರನ್ನು ತೋರಿಸೀತೇ ಹೊರತು ಅಳತೆಯನ್ನು ಹೇಳದು.

ಅಳತೆಯೇ ಮಾತು

ಹೀಗೆ ಸೋಸಿ ಉಳಿದ ಒಂದು ಎಂಜಿನ್ನಿಗೆ ಹೆಡ್ ತೆಗೆಸಲೇಬೇಕು. ಬೋರ್ ಗೇಜನ್ನು ಪ್ರತಿ ಸಿಲಿಂಡರಿನಲ್ಲಿ ಮೇಲೆ, ನಡುವೆ, ಕೆಳಗೆ ಎಂದು ಮೂರು ಮಟ್ಟಗಳಲ್ಲಿ, ಪ್ರತಿ ಮಟ್ಟದಲ್ಲೂ ಉದ್ದಕ್ಕೆ ಮತ್ತು ಅಡ್ಡಕ್ಕೆ ಎಂದು ಎರಡು ದಿಕ್ಕುಗಳಲ್ಲಿ ಇಟ್ಟು ಆರು ಅಳತೆಗಳನ್ನು ಪಡೆಯಬೇಕು. ನಾಲ್ಕು ಸಿಲಿಂಡರಿನ ಎಂಜಿನ್ನಿಗೆ 24 ಅಂಕಿಗಳು. ಮೇಲಿನ ಮತ್ತು ಕೆಳಗಿನ ಅಳತೆಗಳ ವ್ಯತ್ಯಾಸವು ಇಳಿಜಾರನ್ನೂ, ಒಂದೇ ಮಟ್ಟದ ಎರಡು ದಿಕ್ಕುಗಳ ವ್ಯತ್ಯಾಸವು ಮೊಟ್ಟೆಯಾಕಾರವನ್ನೂ ಹೇಳುತ್ತವೆ. ಮಿತಿ ಎಷ್ಟೆಂಬುದು ಆಯಾ ತಯಾರಕರ ಕೈಪಿಡಿಯಲ್ಲಿ ಇರುತ್ತದೆ. ಸ್ಥೂಲವಾಗಿ, ಸವೆತವು ಮಿಲಿಮೀಟರಿನ ಹತ್ತನೆಯ ಒಂದು ಭಾಗವನ್ನು ದಾಟಿದಲ್ಲಿ ಕೊಳ್ಳುವವರು ಎಚ್ಚರಗೊಳ್ಳಬೇಕು. ಅದು ಎಷ್ಟು ದಪ್ಪವೆಂದರೆ ಖಾತೆ ಪುಸ್ತಕದ ಒಂದು ಹಾಳೆಯಷ್ಟು. ಆ ಒಂದು ಹಾಳೆಯ ದಪ್ಪವೇ ಅನೇಕರ ವರ್ಷದ ಲಾಭವನ್ನು ನುಂಗಿದೆ.

ಮೂಲ ಅಳತೆ ಯಾವುದೆಂಬುದನ್ನು ತಿಳಿದೇ ಹೋಗಬೇಕು. ಹೊಲಗಳಲ್ಲಿ ಚಿರಪರಿಚಿತವಾದ ಕಿರ್ಲೋಸ್ಕರ್ ಎವಿ 1 ಎಂಜಿನ್ನಿನದು 80 ಮಿ.ಮೀ., ಟಿವಿ 1ರದು 87.5 ಮಿ.ಮೀ. ಲಾರಿಗಳಲ್ಲಿ ದುಡಿದ ಟಾಟಾ 697 ಎಂಜಿನ್ನಿನ ಹೆಸರೇ ಅದರ ಜಾತಕ: ಆರು ಸಿಲಿಂಡರು, 97 ಮಿ.ಮೀ. ಗೇಜು ಇದಕ್ಕಿಂತ ಅರ್ಧ ಅಥವಾ ಒಂದು ಮಿ.ಮೀ.ನಷ್ಟು ಹೆಚ್ಚು ತೋರಿಸಿದರೆ ಅದು ಸವೆತವಲ್ಲ, ಹಿಂದೊಮ್ಮೆ ಕೊರೆದು ದೊಡ್ಡದು ಮಾಡಿರುವುದರ ಗುರುತು. ಓವರ್‌ಸೈಜ್ ಪಿಸ್ಟನ್ನುಗಳು ಸಾಮಾನ್ಯವಾಗಿ 0.25, 0.50, 0.75, 1.00 ಮಿ.ಮೀ. ಮೆಟ್ಟಿಲುಗಳಲ್ಲಿ ದೊರೆಯುತ್ತವೆ, ಮತ್ತು ಆ ಸಂಖ್ಯೆಯನ್ನು ಪಿಸ್ಟನ್ನಿನ ತಲೆಯ ಮೇಲೆಯೇ ಕೆತ್ತಿರುವ ರೂಢಿಯಿದೆ. ಮಸಿಯನ್ನು ಒರೆಸಿದರೆ ಕಾಣುತ್ತದೆ. ಕೊನೆಯ ಮೆಟ್ಟಿಲಿನಲ್ಲಿರುವ ಎಂಜಿನ್ನಿಗೆ ಮುಂದಿನ ಬಾರಿ ಕೊರೆಯಲು ಲೋಹ ಉಳಿದಿಲ್ಲ, ಹೊಸ ಸ್ಲೀವ್ ಕೂರಿಸುವುದೊಂದೇ ದಾರಿ. ಕಳಚಿ ಬದಲಿಸಬಲ್ಲ ಲೈನರುಗಳಿರುವ ಎಂಜಿನ್ನಾದರೆ ಈ ಚಿಂತೆ ಕಡಿಮೆ. ಆದ್ದರಿಂದ ಒಂದೇ ಪ್ರಮಾಣದ ಸವೆತಕ್ಕೆ ಎಲ್ಲ ಎಂಜಿನ್ನುಗಳಲ್ಲೂ ಒಂದೇ ಬೆಲೆ ಕಡಿತವಿಲ್ಲ.

ಗೀರುಗಳ ವಿಷಯದಲ್ಲಿ ಹಳೆಯ ಮಿಸ್ತ್ರಿಗಳ ವಿಧಾನವೇ ಸಾಕು. ಉಗುರನ್ನು ಅಡ್ಡಡ್ಡವಾಗಿ ಎಳೆದಾಗ ಗೀರಿಗೆ ಸಿಕ್ಕಿಕೊಳ್ಳದಿದ್ದರೆ ಹೋನಿಂಗಿನಲ್ಲಿ ಸರಿಯಾದೀತು. ಸಿಕ್ಕಿಕೊಂಡರೆ ಕೊರೆಸಬೇಕು ಅಥವಾ ಲೈನರ್ ಬದಲಿಸಬೇಕು. ಸವೆದ ಗೋಡೆಗೆ ಹೊಸ ರಿಂಗು ಮಾತ್ರ ಹಾಕಿ ಮಾರುವ ಪದ್ಧತಿಯೂ ಇದೆ. ಅಂತಹ ಎಂಜಿನ್ನು ಕೆಲವು ವಾರ ಚೆನ್ನಾಗಿಯೇ ಓಡುತ್ತದೆ. ಬಳಿಕ, ಚೂಪಾದ ಅಂಚಿನ ಹೊಸ ರಿಂಗು ಗೋಡೆಯ ಮೇಲಂಚಿಗೆ ಬಡಿದು ಬಡಿದು ಮುರಿಯುತ್ತದೆ, ಮುರಿದ ಚೂರು ಉಳಿದ ಗೋಡೆಯನ್ನೂ ಉತ್ತು ಹಾಕುತ್ತದೆ. ಅಷ್ಟರಲ್ಲಿ ಮಾರಾಟಗಾರನ ಫೋನು ‘ವ್ಯಾಪ್ತಿ ಪ್ರದೇಶದ ಹೊರಗಿದೆ’.

ಲೆಕ್ಕ ಮತ್ತು ಕಾನೂನು

ಉದಾಹರಣೆಗೆಂದು ಎರಡು ಎಂಜಿನ್ನುಗಳನ್ನು ತೆಗೆದುಕೊಳ್ಳಬಹುದು. ಒಂದಕ್ಕೆ 1,50,000 ರೂಪಾಯಿ, ತೆರೆದು ತೋರಿಸಿಲ್ಲ. ಇನ್ನೊಂದಕ್ಕೆ 1,70,000 ರೂಪಾಯಿ, ತೆರೆಸಿ ಅಳೆದು ಮಿತಿಯೊಳಗಿದೆಯೆಂದು ಖಚಿತವಾಗಿದೆ. ಚೌಕಾಸಿಯಲ್ಲಿ ನಿಪುಣರಾದವರು ಮೊದಲನೆಯದನ್ನು ಕೊಂಡು 20,000 ಉಳಿಸಿದೆವೆಂದು ತಿಳಿಯುತ್ತಾರೆ. ಎರಡು ತಿಂಗಳ ನಂತರ ಕೊರೆಸುವಿಕೆ, ಪಿಸ್ಟನ್, ರಿಂಗು, ಗ್ಯಾಸ್ಕೆಟ್, ಕೂಲಿ ಸೇರಿ 60,000 ಎಂದು, ಕೆಲಸ ನಿಂತ 12 ದಿನಗಳಿಗೆ ದಿನಕ್ಕೆ 4,000ದಂತೆ ಕೈತಪ್ಪಿದ ಆದಾಯ 48,000 ಎಂದು ಇಟ್ಟುಕೊಂಡರೆ ಎಂಜಿನ್ನಿನ ನಿಜವಾದ ಬೆಲೆ 2,58,000. ದುರಸ್ತಿ ಮಾಡಿಸದೆ ಹಾಗೆಯೇ ಓಡಿಸುತ್ತೇನೆಂದವರಿಗೂ ಉಳಿತಾಯವಿಲ್ಲ: ದಿನಕ್ಕೆ ಅರ್ಧ ಲೀಟರ್ ಎಣ್ಣೆ ಹೆಚ್ಚಿಗೆ ಕುಡಿದರೂ, ಲೀಟರಿಗೆ 300 ರೂಪಾಯಿಯಂತೆ, 250 ದಿನಗಳಲ್ಲಿ 37,500. ಇಷ್ಟನ್ನೂ ತಪ್ಪಿಸಬಹುದಾಗಿದ್ದ ಹೆಡ್ ತೆಗೆಸುವ ಖರ್ಚು ಒಂದು ದಿನದ ಕೂಲಿ ಮತ್ತು ಒಂದು ಗ್ಯಾಸ್ಕೆಟ್.

ಲೆಕ್ಕಪತ್ರದಲ್ಲೂ ಒಂದು ತಿರುವಿದೆ. ಕೊಂಡ ಹಳೆಯ ಎಂಜಿನ್ನನ್ನು ಬಳಕೆಗೆ ಯೋಗ್ಯವಾಗಿಸಲು ಮೊದಲಿಗೇ ಮಾಡಿದ ದುರಸ್ತಿಯ ವೆಚ್ಚವು ಯಂತ್ರದ ಬೆಲೆಗೇ ಸೇರುವ ಬಂಡವಾಳ ವೆಚ್ಚವೇ ಹೊರತು ಅದೇ ವರ್ಷ ಲಾಭದಿಂದ ಕಳೆಯಬಹುದಾದ ರಾಜಸ್ವ ವೆಚ್ಚವಲ್ಲ. ಅಂದರೆ ಕೊಂಡ ಕೂಡಲೇ ಹಾಕಿದ 60,000 ರೂಪಾಯಿ ವರ್ಷಕ್ಕೆ ಶೇ. 15ರಂತೆ ಸವಕಳಿಯಾಗಿ ಮೆಲ್ಲಮೆಲ್ಲಗೆ ಹಿಂದಿರುಗುತ್ತದೆ. ಖರ್ಚಾದದ್ದು ಮಾತ್ರ ಇಂದೇ. ಇನ್ನು ಇಂತಹ ವ್ಯವಹಾರಗಳು ಬಹುತೇಕ ನಗದಿನಲ್ಲೇ ನಡೆಯುವುದು ಗುಟ್ಟೇನಲ್ಲ. 2017ರ ತಿದ್ದುಪಡಿಯ ನಂತರ ಯಂತ್ರದ ಖರೀದಿಗೆ ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ನಗದು ಪಾವತಿಸಿದರೆ ಆ ಮೊತ್ತವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಯಂತ್ರದ ಬೆಲೆಯೆಂದೇ ಪರಿಗಣಿಸಲಾಗದು, ಅದರ ಮೇಲೆ ಸವಕಳಿಯೂ ದೊರೆಯದು. ಬಿಲ್ಲಿಲ್ಲದ, ನಗದಿನ, ತೆರೆಯದ ಎಂಜಿನ್ನನ್ನು ಕೊಂಡವರು ಮೂರು ಕಡೆಯಿಂದ ಕಳೆದುಕೊಳ್ಳುತ್ತಾರೆ.

ಕೆಟ್ಟರೆ ನ್ಯಾಯಾಲಯವಿದೆಯಲ್ಲ ಎಂಬ ಧೈರ್ಯವೂ ಬೇಡ. 1930ರ ಸರಕು ಮಾರಾಟ ಕಾಯ್ದೆಯ 16ನೆಯ ಕಲಮಿನ ಮೂಲ ನಿಲುವು ಕೊಳ್ಳುವವನೇ ಎಚ್ಚರದಿಂದಿರಬೇಕೆಂಬುದು. ಅಂತಹ ಸರಕಿನ ವ್ಯಾಪಾರವನ್ನೇ ಮಾಡುವವರಿಂದ ಕೊಂಡಾಗ, ಯಾವ ಉದ್ದೇಶಕ್ಕೆ ಬೇಕೆಂದು ತಿಳಿಸಿ ಅವರ ತಿಳಿವಳಿಕೆಯನ್ನು ನಂಬಿ ಕೊಂಡಾಗ ಕೆಲವು ರಕ್ಷಣೆಗಳುಂಟು. ಆದರೆ ಪರೀಕ್ಷಿಸಿ ಕೊಂಡವರಿಗೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷದ ಬಗ್ಗೆ ಗುಣಮಟ್ಟದ ರಕ್ಷಣೆ ಇಲ್ಲ. ಹೆಡ್ ತೆರೆಸಿ, ನೋಡಿ, ಅಳತೆ ಬರೆಯದೆ ಬರುವುದಕ್ಕಿಂತ ಅಪಾಯದ ಸ್ಥಿತಿ ಇನ್ನೊಂದಿಲ್ಲ. ನೋಡಿದ್ದೀರಲ್ಲ ಎಂಬ ಮಾತಿಗೆ ಉತ್ತರವಿರುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಾಣಿಜ್ಯ ಉದ್ದೇಶದ ಖರೀದಿದಾರರನ್ನು ಹೊರಗಿಡುತ್ತದೆ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಕೊಂಡವರಿಗೆ, ಒಂದೇ ಟ್ರ್ಯಾಕ್ಟರನ್ನು ತಾನೇ ಓಡಿಸಿ ಬದುಕುವಂತಹವರಿಗೆ, ಮಾತ್ರ ಅದರ ಬಾಗಿಲು ತೆರೆದಿದೆ. ಕಾರ್ಖಾನೆಗಳ ಹರಾಜಿನಲ್ಲಿ ‘ಇದ್ದ ಜಾಗದಲ್ಲಿ, ಇದ್ದ ಸ್ಥಿತಿಯಲ್ಲಿ’ ಎಂದು ಮುದ್ರಿಸಿದ ಷರತ್ತಿಗೆ ಸಹಿ ಹಾಕಿದವರ ಪಾಡು ಹೇಳಬೇಕಾಗಿಲ್ಲ. ಅಲ್ಲಿ ಹರಾಜಿಗೆ ಮುನ್ನ ಕೊಡುವ ವೀಕ್ಷಣೆಯ ದಿನದಂದು ಬಟ್ಟೆ, ಟಾರ್ಚು ಮತ್ತು ನಂಬಿಕಸ್ಥ ಮಿಸ್ತ್ರಿಯೊಂದಿಗೆ ಹೋಗುವುದು, ತೆರೆಯಲು ಬಿಡದಿದ್ದರೆ ಗೋಡೆ ಕೆಟ್ಟಿದೆಯೆಂದೇ ಭಾವಿಸಿ ಕೊರೆಸುವ ಖರ್ಚನ್ನು ಕಳೆದು ಬೆಲೆ ಕೂಗುವುದು, ಇವೆರಡೇ ಉಳಿದ ಮಾರ್ಗ.

ಮಾರಾಟಗಾರರ ಆಕ್ಷೇಪಣೆಯಲ್ಲೂ ಹುರುಳಿದೆ ಎಂಬುದನ್ನು ಒಪ್ಪಬೇಕು. ಬಂದವರಿಗೆಲ್ಲ ಹೆಡ್ ಬಿಚ್ಚಿ ತೋರಿಸುತ್ತಾ ಹೋದರೆ ಗ್ಯಾಸ್ಕೆಟ್ಟಿನ ಖರ್ಚು ಯಾರದು, ಕೊಳ್ಳದೆ ಹೋದರೆ ಮತ್ತೆ ಜೋಡಿಸುವ ಕೂಲಿ ಯಾರದು ಎಂದು ಅವರು ಕೇಳುವುದು ನ್ಯಾಯ. ಇದಕ್ಕೆ ಬರಹದ ಒಂದು ಸರಳ ಕರಾರು ಸಾಕು. ಮೊದಲು ಬೆಲೆಯನ್ನು ಮಾತಾಡಿ, ಸಣ್ಣ ಮುಂಗಡವನ್ನು ಬ್ಯಾಂಕಿನ ಮೂಲಕ ಕೊಟ್ಟು, ಯಾವ ಮಿತಿಯೊಳಗೆ ಅಳತೆ ಬಂದರೆ ಆ ಬೆಲೆ ನಿಲ್ಲುತ್ತದೆಂದು ಕೈಪಿಡಿಯ ಅಂಕಿಯೊಂದಿಗೆ ನಮೂದಿಸುವುದು. ಅಳತೆ ಮಿತಿಯೊಳಗಿದ್ದರೆ ಬಿಚ್ಚಿ ಜೋಡಿಸುವ ವೆಚ್ಚವು ಕೊಳ್ಳುವವರದು. ಮೀರಿದ್ದರೆ ಮಾರುವವರದು, ಮುಂಗಡವೂ ವಾಪಸು, ಅಥವಾ ಬರೆದಿಟ್ಟ ಪ್ರಮಾಣದಲ್ಲಿ ಬೆಲೆ ಇಳಿಕೆ. ತನ್ನ ಎಂಜಿನ್ನಿನ ಮೇಲೆ ವಿಶ್ವಾಸವಿರುವ ಮಾರಾಟಗಾರ ಇದನ್ನು ನಿರಾಕರಿಸಲು ಕಾರಣವೇ ಇಲ್ಲ. ಪ್ರಾಮಾಣಿಕ ಮಾರಾಟಗಾರರಿಗೆ ಇದರಿಂದ ಲಾಭವೂ ಇದೆ; ಇಂದು ಒಳ್ಳೆಯ ಎಂಜಿನ್ನಿಗೂ ಕೆಟ್ಟ ಎಂಜಿನ್ನಿಗೂ ಸಂತೆಯಲ್ಲಿ ಒಂದೇ ಸಂಶಯದ ಬೆಲೆ ಸಿಗುತ್ತಿರುವುದು ಅಳತೆಯಿಲ್ಲದ ಕಾರಣದಿಂದಲೇ.

ಅಳೆಯುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಬೋರ್ ಗೇಜು, ಮೈಕ್ರೋಮೀಟರು, ಕಂಪ್ರೆಷನ್ ಗೇಜುಗಳ ಒಂದು ಪೆಟ್ಟಿಗೆಯನ್ನು ವರ್ಷಕ್ಕೊಮ್ಮೆ ಎಂಜಿನ್ ಕೊಳ್ಳುವ ಒಬ್ಬೊಬ್ಬ ಸದಸ್ಯರೂ ಇಟ್ಟುಕೊಳ್ಳಬೇಕಾಗಿಲ್ಲ. ವಾಣಿಜ್ಯೋದ್ಯಮ ಸಂಸ್ಥೆಗಳು, ಫರಸಿ ವ್ಯಾಪಾರಸ್ಥರ ಸಂಘಗಳು ತಾಲ್ಲೂಕಿಗೊಂದರಂತೆ ಅದನ್ನು ಕೊಂಡು, ಸದಸ್ಯರಿಗೆ ದಿನಬಾಡಿಗೆಯ ಮೇಲೆ ಕೊಡುವುದು ಹೆಚ್ಚಿನ ಹೊರೆಯೇನಲ್ಲ. ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಶಿಕ್ಷಣ ಪಡೆದು ಕೆಲಸ ಹುಡುಕುತ್ತಿರುವ ತರುಣರಿಗೆ ಈ ಅಳತೆಯ ವಿದ್ಯೆ ಹೊಸದಲ್ಲ. ಯಾವುದೇ ಮಾರಾಟಗಾರನಿಂದ ದಲ್ಲಾಳಿ ಹಣ ಪಡೆಯದ, ಅಳತೆಗೆ ಮಾತ್ರ ನಿಗದಿತ ಶುಲ್ಕ ಪಡೆಯುವ ಇಬ್ಬರು ಮೂವರ ಹೆಸರು ಸಂಘದ ಕಚೇರಿಯಲ್ಲಿದ್ದರೆ, 24 ಅಂಕಿಗಳ ಒಂದು ಹಾಳೆಯ ಕೆಳಗೆ ಅವರ ಸಹಿಗೆ ಕ್ರಮೇಣ ಬೆಲೆ ಬರುತ್ತದೆ. ಆ ಹಾಳೆಯನ್ನು ಬಿಲ್ಲಿನ ಜೊತೆ ಕಡತದಲ್ಲಿ ಇಟ್ಟುಕೊಂಡವರಿಗೆ ಮುಂದೆ ಅದೇ ಎಂಜಿನ್ನನ್ನು ಮಾರುವ ದಿನ ಬಂದಾಗಲೂ ಅನುಕೂಲ.

ಇದೆಲ್ಲಕ್ಕೂ ಸಮಯ ಬೇಕು, ಮತ್ತು ಸಮಯವಿಲ್ಲದಾಗಲೇ ಖರೀದಿಗೆ ಹೊರಡುವುದು ನಮ್ಮ ಭಾಗದ ರೂಢಿ. ತೊಗರಿ ರಾಶಿ ಆರಂಭವಾದ ಮೇಲೆ ಎಂಜಿನ್ನು ಕೈಕೊಟ್ಟು, ನಾಳೆಯೇ ಬೇಕೆಂದು ಹೈದರಾಬಾದಿಗೋ ಸೋಲಾಪುರಕ್ಕೋ ಓಡಿದವರು ಬೋರ್ ಗೇಜಿನ ಮಾತನ್ನು ಆಡುವ ಸ್ಥಿತಿಯಲ್ಲಿ ಇರುವುದಿಲ್ಲ, ಮತ್ತು ಅವರ ಅವಸರವನ್ನು ಮಾರಾಟಗಾರರು ಮುಖ ನೋಡಿಯೇ ಅರಿಯುತ್ತಾರೆ. ಗಣಿಯ ಕೆಲಸ ತಗ್ಗಿ, ರಾಶಿಗೆ ಇನ್ನೂ ತಿಂಗಳುಗಳಿರುವ ಶ್ರಾವಣದ ಸುಮಾರಿಗೆ ಎಂಜಿನ್ನು ಹುಡುಕಲು ಆರಂಭಿಸಿದವರಿಗೆ ಹೆಡ್ ಬಿಚ್ಚಿಸಲು ಒಂದು ದಿನ, ಒಪ್ಪದಿದ್ದರೆ ಎದ್ದು ಬಂದು ಮುಂದಿನ ಅಂಗಡಿಗೆ ಹೋಗಲು ಇನ್ನೊಂದು ದಿನ ಸಿಗುತ್ತದೆ.